ಯಾರು ತಳ್ಳಿದ್ದು ಎಂದು ಕೇಳುತ್ತಿದ್ದವರು

ಆಗ ನನಗೆ ಇಪ್ಪತ್ತೆರಡು. ಅದಾಗಿ ಅರವತ್ತೊಂದೋ ಅರವತ್ತೆರಡೋ ವರ್ಷ ಆಯಿತು. ಹೋದ ತಿಂಗಳು ಇಮಾಮ್ ಕೋಲೂರಿಕೊಂಡು ಬಂದು, ಜಗಲಿಯ ಮೇಲೆ ಕೂತು, ಮೇಷ್ಟ್ರು ತೀರಿಕೊಂಡರಂತೆ ಅಂದ. ಮೈಸೂರಿನಲ್ಲಿ, ಮಗಳ ಮನೆಯಲ್ಲಿ. ತೊಂಬತ್ತು ದಾಟಿತ್ತಂತೆ. ವಯಸ್ಸಾಗಿತ್ತು, ಹೋದರು. ಅದಕ್ಕೆ ಅಳುವುದೇನಿದೆ. ಆದರೆ ಇಮಾಮ್ ಎದ್ದು ಹೋದ ಮೇಲೆ ಅವನು ಕುಡಿದಿಟ್ಟ ಕಾಫಿ ಲೋಟ ಜಗಲಿಯಿಂದ ಉರುಳಿ ಬಿತ್ತು. ನನ್ನ ಬಾಯಿಂದ ತಾನಾಗಿ ಬಂತು: “ಯಾರು ತಳ್ಳಿದ್ದು?” ಅದು ಅವರ ಮಾತು. ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಲಿ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಫುಟ್‌ಬಾಲಿನಲ್ಲಿ ಗೋಲು ಹೊಡೆದವನ ಹೆಸರು ಹಿಡಿದು ಕೂಗಿದರೂ ಅವರಿಗೆ ಆಗುತ್ತಿರಲಿಲ್ಲ. ಅವನ ಕಾಲಿಗೆ ಚೆಂಡು ತಂದು ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದರು. ಊರೆಲ್ಲ ಸೈನ್ಸ್ ಮೇಷ್ಟ್ರು ಅನ್ನುತ್ತಿತ್ತು. ನನಗೂ ಅಷ್ಟೇ ಸಾಕು.

ಶಿಡ್ಲಘಟ್ಟದ ಹೈಸ್ಕೂಲಿಗೆ ಬಂದವರು ನಮ್ಮ ಪಕ್ಕದ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಮೂವತ್ತರ ಒಳಗಿನವರು. ಸಣಕಲು ಮೈ, ಉದ್ದ ಕೈ, ಪಂಚೆಯ ಮೇಲೆ ಕೋಟು, ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಏನು ಕೈಗೆ ಕೊಟ್ಟರೂ ಮೊದಲು ತಿರುಗಿಸಿ ನೋಡುವರು. ನಿಂಬೆಹಣ್ಣಾದರೂ ಸರಿ, ಬೀಗವಾದರೂ ಸರಿ. ಎಲ್ಲಾದರೂ ಏನಾದರೂ ಅಲ್ಲಾಡಿದರೆ, ಬಿದ್ದರೆ, ನಿಂತರೆ, ಆ ಪ್ರಶ್ನೆ. ಒಂದು ಸಲ ನಮ್ಮಮ್ಮನ ಸೊಂಟದಿಂದ ಕೊಡ ಜಾರಿ ಬೀದಿಯಲ್ಲಿ ಒಡೆದುಹೋಯಿತು. ಇವರು ಕೋಣೆಯಿಂದಲೇ, ಯಾರು ತಳ್ಳಿದ್ದು ಅಂದರು. ಅಮ್ಮನಿಗೆ ಮೊದಲೇ ಉರಿ. “ನಿಮ್ಮಜ್ಜಿ,” ಅಂದಳು. ಇವರು ಹೊರಗೆ ಬಂದು, ಕೈ ಕಟ್ಟಿಕೊಂಡು, “ಅಜ್ಜಿ ಅಲ್ಲಮ್ಮ, ಭೂಮಿ ಎಳೆದದ್ದು,” ಅಂದರು. ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಹೇಳುತ್ತಿದ್ದಾರೋ ಗೊತ್ತಾಗದೆ ಅಮ್ಮ ಬೈಯುವುದನ್ನು ನಿಲ್ಲಿಸಿದಳು. ಮಾರನೆಯ ದಿನ ಒಂದು ಹೊಸ ಕೊಡ ನಮ್ಮ ಬಾಗಿಲಲ್ಲಿತ್ತು. ಒಡೆದದ್ದು ಅವರಿಂದಲ್ಲ, ಆದರೂ ತಂದಿಟ್ಟಿದ್ದರು.

ನಾನು ಗಂಡನ ಮನೆ ಬಿಟ್ಟು ಬಂದು ಆಗ ಎರಡು ವರ್ಷ. ಯಾಕೆ ಬಿಟ್ಟೆ ಅನ್ನುವುದು ಇಲ್ಲಿ ಬೇಡ. ಅಮ್ಮನೂ ನಾನೂ ಇಬ್ಬರೇ, ಅಮ್ಮನಿಗೆ ಉಬ್ಬಸ. ಊಟ ನಡೆಯುತ್ತಿದ್ದದ್ದು ನನ್ನ ಹತ್ತು ಬೆರಳಿನ ಮೇಲೆ. ಒಬ್ಬ ಸಾಹುಕಾರರ ಚರಕದ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದೆ. ಅದೇ ಶೆಡ್ಡಿನಲ್ಲಿ ಮುಂದೆ ಮೂವತ್ತು ವರ್ಷ ತೆಗೆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಲೆಯ ಮೇಲೆ ಬಿಸಿನೀರಿನ ಪಾತ್ರೆ, ಅದರಲ್ಲಿ ರೇಷ್ಮೆಗೂಡು ಬೇಯುತ್ತದೆ. ನೂಲು ತೆಗೆಯುವವಳು ಪಾತ್ರೆಯ ಮುಂದೆ ಕೂತು ಕೂದಲಿಗಿಂತ ಸಣ್ಣ ಎಳೆಗಳನ್ನು ಹಿಡಿದು ಕೂಡಿಸಿ ಕೊಡಬೇಕು. ಇನ್ನೊಬ್ಬರು ದೊಡ್ಡ ಚಕ್ರ ತಿರುಗಿಸಿ ಅದನ್ನು ಸುತ್ತಬೇಕು. ನನ್ನ ಚಕ್ರ ತಿರುಗಿಸುತ್ತಿದ್ದವನು ಇಮಾಮ್. ನನಗಿಂತ ಎರಡು ವರ್ಷ ಚಿಕ್ಕವನು, ಅಕ್ಕ ಅನ್ನುತ್ತಿದ್ದ. ಎಳೆ ಕಡಿದಾಗ ನಾನು ನಿಲ್ಲಿಸು ಅಂದರೂ ಚಕ್ರ ನಿಲ್ಲದೆ ಇನ್ನೆರಡು ಸುತ್ತು ಹೋಗುತ್ತಿತ್ತು. ಇಬ್ಬರಿಗೂ ಅದಕ್ಕೇ ಜಗಳ.

ಸಂಜೆ ಚರಕ ನಿಂತ ಮೇಲೆ ಚಕ್ರ ತಿರುಗಿಸುವ ಗಂಡಸರು, ಹುಳಕ್ಕೆ ಹಾಕುವ ಸೊಪ್ಪಿನ ಗಾಡಿಯವರು, ಅಂಗಡಿಯಲ್ಲಿ ಕೂರುವವರು ಕೆರೆ ಅಂಗಳದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಹನ್ನೊಂದು ಜನ ಒಂದೇ ಚೆಂಡಿನ ಹಿಂದೆ ಕುರಿಗಳ ಹಾಗೆ ಓಡುವುದಕ್ಕೆ ಆಟ ಅಂತ ಹೆಸರಿಟ್ಟಿದ್ದರು. ಮೇಷ್ಟ್ರು ಒಂದು ವಾರ ಕೆರೆ ಏರಿಯ ಮೇಲೆ ನಿಂತು ನೋಡಿ ಎಂಟನೆಯ ದಿನ ಕೋಟು ಬಿಚ್ಚಿ ಕೆಳಗಿಳಿದರು. ಆಡಲಿಕ್ಕಲ್ಲ. ಅವರಿಗೆ ನೆಟ್ಟಗೆ ಒದೆಯಲು ಬರುತ್ತಿರಲಿಲ್ಲ. ಹೇಳಿಕೊಡಲಿಕ್ಕೆ.

ಮುನ್ನೂರು ವರ್ಷದ ಹಿಂದೆ ಯಾರೋ ಬಿಳಿಯರು ಬರೆದಿಟ್ಟ ಮೂರು ಮಾತು ಇವೆಯಂತೆ, ಲೋಕದಲ್ಲಿ ಏನೇ ಅಲ್ಲಾಡಿದರೂ ಆ ಮೂರರೊಳಗೇ ಅಲ್ಲಾಡಬೇಕಂತೆ. ಅದನ್ನು ಅವರು ಮೈದಾನದಲ್ಲಿ ಹೇಳಲಿಲ್ಲ. ಒಂದು ಮಧ್ಯಾಹ್ನ ಟೀಮಿನವರನ್ನೆಲ್ಲ ಕರೆದುಕೊಂಡು ನಮ್ಮ ಶೆಡ್ಡಿಗೆ ಬಂದರು. ಇಮಾಮನಿಗೆ ಚಕ್ರ ತಿರುಗಿಸು ಅಂದರು. ಮೊದಲ ಸುತ್ತಿಗೆ ಅವನ ತೋಳು ಉಬ್ಬಿತು, ಆಮೇಲೆ ಒಂದು ಬೆರಳಿನಲ್ಲಿ ತಿರುಗಿಸಿದ. ನಿಲ್ಲಿಸು ಅಂದರು. ಅದು ಯಾವತ್ತಿನ ಹಾಗೆ ಎರಡು ಸುತ್ತು ಹೋಗಿಯೇ ನಿಂತಿತು.

“ನೋಡ್ರಪ್ಪ,” ಅಂದರು. “ಕೂತಿದ್ದು ಕೂತೇ ಇರುತ್ತೆ, ಹೊರಟಿದ್ದು ಹೋಗ್ತಾನೇ ಇರುತ್ತೆ. ಯಾರಾದ್ರೂ ತಳ್ಳೋವರ್ಗೂ, ಯಾರಾದ್ರೂ ಹಿಡಿಯೋವರ್ಗೂ. ಚಕ್ರಕ್ಕೂ ಅದೇ, ಚೆಂಡಿಗೂ ಅದೇ. ಅದಕ್ಕೆ ಅದರದೇ ಮನಸ್ಸು ಅಂತ ಇಲ್ಲ.”

ಅವತ್ತಿನಿಂದ ಇಮಾಮನೂ ನಾನೂ ಜಗಳ ಬಿಟ್ಟೆವು. ಎಳೆ ತೆಳ್ಳಗಾಗುವಾಗಲೇ ನಾನು ಕೈ ಎತ್ತುತ್ತಿದ್ದೆ, ಅವನು ಅಲ್ಲಿಂದಲೇ ಚಕ್ರ ಹಿಡಿದುಕೊಳ್ಳುತ್ತಿದ್ದ. ಸಾಹುಕಾರರಿಗೆ ಹಾಳಾಗುವ ನೂಲು ಕಡಿಮೆಯಾಯಿತು. ಅದಕ್ಕೆ ಅವರು ಮೇಷ್ಟ್ರಿಗೆ ಒಂದು ಮಾತೂ ಹೇಳಲಿಲ್ಲ.

ದಿಬ್ಬೂರಹಳ್ಳಿಯಿಂದ ಸೊಪ್ಪಿನ ಗಾಡಿ ತರುತ್ತಿದ್ದವನೊಬ್ಬ ಗೋಲಿ. ಗೋಲಿಯೆಂದರೆ ಕಂಬಗಳ ಮಧ್ಯೆ ನಿಂತು ಚೆಂಡು ಹಿಡಿಯುವವನು. ಇವನ ಕೈಗೆ ಬಂದ ಚೆಂಡು ಗೋಡೆಗೆ ಬಡಿದ ಹಾಗೆ ವಾಪಸು ಹೋಗುತ್ತಿತ್ತು. ಮೇಷ್ಟ್ರು ಅವನನ್ನು ತಂದು ನನ್ನ ಪಾತ್ರೆಯ ಮುಂದೆ ಕೂರಿಸಿ, ಈಕೆಯ ಕೈ ನೋಡು ಅಂದರು. ಎಳೆ ಜಗ್ಗಿದಾಗ ನಾವು ಬಿಗಿ ಹಿಡಿಯುವುದಿಲ್ಲ. ಬಿಗಿ ಹಿಡಿದರೆ ಕಡಿಯುತ್ತದೆ. ಅದು ಎಳೆದ ಕಡೆಗೇ ಸ್ವಲ್ಪ ದೂರ ಕೈ ಬಿಟ್ಟುಕೊಟ್ಟು ಆಮೇಲೆ ತಡೆಯುತ್ತೇವೆ. ಅವನು ಅರ್ಧ ಗಂಟೆ ನೋಡಿದ. ನಾನು ನಾಚಿಕೊಳ್ಳಲಿಲ್ಲ, ನೋಡಿದರೆ ಸವೆಯುವುದಿಲ್ಲ. ಅಂದು ಸಂಜೆಯಿಂದ ಚೆಂಡು ಬಂದಾಗ ಅವನು ಕೈಯನ್ನು ಎದೆಯ ಕಡೆ ತಂದುಕೊಳ್ಳುತ್ತ ಹಿಡಿಯಲು ಶುರುಮಾಡಿದ. ಚೆಂಡು ಉಳಿಯಿತು, ಬೆರಳೂ ಉಳಿಯಿತು.

ನನ್ನ ತಪ್ಪಿಗೆ ಈಗ ಬರುತ್ತೇನೆ.

ಚೆಂಡು ಒಂದೇ ಇದ್ದದ್ದು. ಸಾಹುಕಾರರು ಬೆಂಗಳೂರಿನಿಂದ ತರಿಸಿದ್ದು, ಚರ್ಮದ್ದು. ಚಿಂತಾಮಣಿಯ ಟೀಮಿನ ಜೊತೆ ಪಂದ್ಯಕ್ಕೆ ಹದಿನೈದು ದಿನ ಇರುವಾಗ ಅದರ ಹೊಲಿಗೆ ಬಿಟ್ಟಿತು. ಚಮ್ಮಾರ ಹಾಕುತ್ತಿದ್ದ ಹತ್ತಿಯ ದಾರ ಕೆರೆ ಅಂಗಳದ ತೇವಕ್ಕೆ ಮತ್ತೆ ಮತ್ತೆ ಕೊಳೆಯುತ್ತಿತ್ತು. ರೇಷ್ಮೆ ಕೊಳೆಯುವುದಿಲ್ಲ, ಶೆಡ್ಡಿನಲ್ಲಿ ಬಿಸಾಡುವ ಸಿಕ್ಕಿನಿಂದ ದಾರ ಹೊಸೆದು ಕೊಡುತ್ತೀಯಾ ಎಂದು ಮೇಷ್ಟ್ರು ಕೇಳಿದರು. ದಾರ ಯಾಕೆ, ಹೊಲಿದೇ ಕೊಡುತ್ತೇನೆ ಅಂದೆ. ಆಗ ನನಗೆ ಅಷ್ಟು ಜಂಬ.

ಒಣಗಿದ ಚರ್ಮಕ್ಕೆ ಸೂಜಿ ಇಳಿಯಲಿಲ್ಲ. ನಮ್ಮ ಕಸುಬಿನಲ್ಲಿ ಗಟ್ಟಿಯಿರುವುದನ್ನು ಮೆತ್ತಗೆ ಮಾಡುವುದಕ್ಕೆ ಒಂದೇ ದಾರಿ, ಪಾತ್ರೆಗೆ ಹಾಕುವುದು. ಗಾಳಿ ತೆಗೆದು, ಒಳಗಿನ ರಬ್ಬರು ತೆಗೆದು, ಕೆಲಸ ಮುಗಿದು ಉಗುರುಬೆಚ್ಚಗಿದ್ದ ಗೂಡಿನ ನೀರಿಗೆ ಚರ್ಮ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಒಂದು ಪಕ್ಕ ಮಾತ್ರ ನೀರಿನಲ್ಲಿ ಮುಳುಗಿ ಬೆಣ್ಣೆಯ ಹಾಗಾಗಿತ್ತು. ಚೆನ್ನಾಗಿ ಹೊಲಿದೆ. ಬಿಸಿಲಿಗಿಟ್ಟೆ. ಗೂಡಿನ ನೀರಿನಲ್ಲಿ ರೇಷ್ಮೆಯ ಅಂಟೆಲ್ಲ ಇರುತ್ತದೆ ಎಂದು ಶೆಡ್ಡಿನ ಎಳೆ ಮಗುವಿಗೂ ಗೊತ್ತು, ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಒಣಗಿದ ಮೇಲೆ ಆ ಪಕ್ಕ ಹಲಗೆಯಾಗಿತ್ತು. ಬೆಂದ ಹುಳದ ವಾಸನೆ ಬೇರೆ. ಗಾಳಿ ತುಂಬಿ ಒದ್ದರೆ ನೆಟ್ಟಗೆ ಹೋಗದೆ ಕುಡಿದವನ ಹಾಗೆ ಅಡ್ಡಡ್ಡ ಹೋಯಿತು. ಅದರ ಹಿಂದೆ ಬೀದಿಯ ಮೂರು ನಾಯಿ.

ಇಮಾಮ್ ನಕ್ಕ. ಸಾಹುಕಾರರು ನಗಲಿಲ್ಲ. ಹಿಂದಿನ ವರ್ಷ ಚಿಂತಾಮಣಿಯವರು ನಮಗೆ ಐದು ಗೋಲು ಹಾಕಿ ಹೋಗಿದ್ದರು, ಅದು ಅವರಿಗೆ ಇನ್ನೂ ಇಳಿದಿರಲಿಲ್ಲ. ಶೆಡ್ಡಿಗೆ ಬಂದು ಎಲ್ಲರ ಮುಂದೆ ಹೇಳಿದರು:

“ಬೇರೆ ಚೆಂಡು ತರಿಸಲ್ಲ. ಇದರಲ್ಲೇ ಆಡಿ. ಈ ಸಲ ಸೋತರೆ ಇವಳು ಪಾತ್ರೆ ಮುಂದೆ ಕೂರೋದು ಬೇಡ.”

ಒಬ್ಬ ಸಾಹುಕಾರ ಬಿಡಿಸಿದವಳನ್ನು ಇನ್ನೊಬ್ಬ ಸಾಹುಕಾರ ಇಟ್ಟುಕೊಳ್ಳುತ್ತಿರಲಿಲ್ಲ, ಅದು ಆಗಿನ ಕಟ್ಟು. ಅಮ್ಮ ಅವತ್ತು ಊಟ ಮಾಡಲಿಲ್ಲ. ನಾನು ಮಾಡಿದೆ. ಹಸಿದುಕೊಂಡರೆ ಚೆಂಡು ನೆಟ್ಟಗಾಗುತ್ತದೆಯೇ.

ಮೇಷ್ಟ್ರು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. ಸೋಪು, ಸೋಡ ಹಾಕಿ ಕುದಿಸಿದರೆ ಅಂಟು ಬಿಡುತ್ತದೆ ಅಂದೆ. ಚರ್ಮವೂ ಬಿಡುತ್ತದೆ ಅಂದರು. ನಮ್ಮ ನಡುಮನೆಯ ಕಡಪಾ ಕಲ್ಲಿನ ಮೇಲೆ ನೀರಿನ ಒಂದು ತೊಟ್ಟು ಬಿಟ್ಟು, ಅದು ಯಾವ ಕಡೆಗೂ ಹರಿಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು, ಚೆಂಡನ್ನು ಅಲ್ಲಿ ಮೆಲ್ಲಗೆ ಬಿಟ್ಟರು. ಅದು ತೂಗಾಡಿ ತೂಗಾಡಿ ನಿಂತಿತು. ಹತ್ತು ಸಲ ಬಿಟ್ಟರೂ ನಾನು ಹೊಲಿದ ಪಕ್ಕವೇ ಕೆಳಗೆ.

“ಭಾರ ಇರೋದು ತಪ್ಪಲ್ಲ ಕಣಮ್ಮ,” ಅಂದರು. “ಒಂದೇ ಕಡೆ ಇರೋದು ತಪ್ಪು.”

ತೆಗೆಯಲಾಗದಿದ್ದರೆ ಇನ್ನೊಂದು ಕಡೆಗೂ ಹಾಕು ಅಂದರು. ನಾನು ಗೂಡಿನ ನೀರನ್ನು ಗಂಜಿಯಾಗುವವರೆಗೆ ಕಾಯಿಸಿ, ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಬಟ್ಟೆಯಿಂದ ಬಳಿದೆ. ಒಂದು ಪದರ ಒಣಗಲು ಒಂದು ಬಿಸಿಲು. ಸಂಜೆ ಅವರು ಬಂದು ಕಲ್ಲಿನ ಮೇಲೆ ಬಿಡುವರು. ಇನ್ನೂ ತಿರುಗುತ್ತಿದೆ ಅನ್ನುವರು. ನಾನು ಮತ್ತೆ ಬಳಿಯುವೆ. ಮೂರನೆಯ ದಿನ ಕೈಯ ಚರ್ಮ ಸುಲಿಯಿತು, ನಾಲ್ಕನೆಯ ದಿನ ಎಡಗೈಯಲ್ಲಿ ಬಳಿದೆ. ನಮ್ಮಮ್ಮ ನಾಯಿಗಳನ್ನು ಓಡಿಸಲು ಕೋಲು ಹಿಡಿದು ಬಾಗಿಲಲ್ಲಿ ಕೂತಳು. ಏಳನೆಯ ಪದರಕ್ಕೆ ಚೆಂಡು ಹೇಗೆ ಬಿಟ್ಟರೆ ಹಾಗೆ ಸುಮ್ಮನೆ ಕೂತಿತು. ಮೇಷ್ಟ್ರು ನೆಲದ ಮೇಲೆ ಅದರ ಎದುರಿಗೆ ಕೂತು ಬಹಳ ಹೊತ್ತು ನೋಡಿದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಆಮೇಲೆ ಕಾಣಲಿಲ್ಲ.

ಈಗ ನೆಟ್ಟಗೆ ಹೋಗುತ್ತಿತ್ತು, ಆದರೆ ದೂರ ಹೋಗುತ್ತಿರಲಿಲ್ಲ. ಅದೇ ಒದೆತ, ಚೆಂಡು ಭಾರ, ಅಷ್ಟರಮಟ್ಟಿಗೆ ನಿಧಾನ. ಆ ಮೂರರಲ್ಲಿ ಅದು ಎರಡನೆಯ ಮಾತಂತೆ. ಉಳಿದ ಒಂದು ವಾರ ಮೇಷ್ಟ್ರು ಟೀಮಿನವರಿಗೆ ಎತ್ತರಕ್ಕೆ ಒದೆಯುವುದನ್ನೇ ಬಿಡಿಸಿದರು. ನೆಲಕ್ಕೆ ಅಂಟಿಸಿ, ಹತ್ತು ಹೆಜ್ಜೆಗೊಬ್ಬ, ಒಬ್ಬನಿಂದ ಒಬ್ಬನಿಗೆ. ಎದುರಿನವನು ನಿನ್ನ ಚೆಂಡು ಹಿಡಿಯಲು ಓಡಿ ಬರುತ್ತಾನಲ್ಲ, ಅವನೂ ಹೊರಟ ಚಕ್ರವೇ, ತಕ್ಷಣ ನಿಲ್ಲಲಾರ, ಅವನು ಹತ್ತಿರ ಬಂದ ಮೇಲೆ ಚೆಂಡನ್ನು ಪಕ್ಕಕ್ಕೆ ಕೊಡು, ಅವನು ನಿನ್ನನ್ನು ದಾಟಿ ಹೋಗಲಿ ಅಂದರು. ತಲೆಯಲ್ಲಿ ಹೊಡೆಯಬೇಡಿ ಅಂದರು. ಇಮಾಮ್ ಕೇಳದೆ ಹೊಡೆದು ಹಣೆ ಹಿಡಿದುಕೊಂಡು ಕೂತ. “ನೀನು ಚೆಂಡಿಗೆ ಹೊಡ್ದೆ, ಚೆಂಡು ನಿನಗೆ ಹೊಡೀತು. ಅಷ್ಟಕ್ಕಷ್ಟೇ. ಯಾರೂ ಮೋಸ ಮಾಡ್ಲಿಲ್ಲ,” ಅಂದರು. ಅದು ಮೂರನೆಯ ಮಾತು. ಅವನ ಹಣೆಯಲ್ಲಿ ನಿಂಬೆಕಾಯಿಯಷ್ಟು ಊದಿಕೊಂಡಿತ್ತು.

ಭಾನುವಾರ ಚಿಂತಾಮಣಿಯವರು ಸಣ್ಣ ರೈಲಿನಲ್ಲಿ ಬಂದಿಳಿದರು. ಒಳ್ಳೆ ತೊಡೆಯ ಗಂಡಸರು. ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ ಒದೆಯುತ್ತಾರೆ ಎಂದು ಹೆಸರು. ಹೆಂಗಸರು ಮೈದಾನಕ್ಕೆ ಹೋಗುವ ರೂಢಿ ಇರಲಿಲ್ಲ. ನಾನು ಹೋಗಿ ಕೆರೆ ಏರಿಯ ಮೇಲೆ ನಿಂತೆ. ನನ್ನ ಅನ್ನ ಅಲ್ಲಿ ಉರುಳುತ್ತಿರುವಾಗ ಮನೆಯಲ್ಲಿ ಕೂತು ಏನು ಮಾಡಲಿ.

ಆಟ ಶುರುವಾಗುವ ಮೊದಲು ಮೇಷ್ಟ್ರು ಚೆಂಡು ಹಿಡಿದುಕೊಂಡು ಚಿಂತಾಮಣಿಯ ಕ್ಯಾಪ್ಟನ್ ಹತ್ತಿರ ಹೋದದ್ದು ಕಾಣಿಸಿತು. ಏನು ಹೇಳಿದರೆಂದು ಇಮಾಮ್ ಆಮೇಲೆ ಹೇಳಿದ. ಈ ಚೆಂಡು ಮಾಮೂಲಿಗಿಂತ ಭಾರ, ದೂರ ಹೋಗಲ್ಲ, ತಲೆ ಕೊಡಬೇಡಿ, ಬೇಕಾದರೆ ಅರ್ಧ ಗಂಟೆ ಒದ್ದು ನೋಡಿಕೊಳ್ಳಿ ಅಂದರಂತೆ. ಕ್ಯಾಪ್ಟನ್ ಮೂಗಿನ ಹತ್ತಿರ ತಂದು, ತೆಲುಗಿನಲ್ಲಿ ಏಮಿ ವಾಸನಪ್ಪಾ ಇದಿ ಎಂದು ಮುಖ ಹಿಂಡಿದನಂತೆ. “ಬಿಡಿ ಮೇಷ್ಟ್ರೇ, ರೈಲಲ್ಲಿ ಇದಕ್ಕಿಂತ ಭಾರದ ಮೂಟೆ ಹೊತ್ಕೊಂಡು ಬಂದಿದೀವಿ,” ಅಂದನಂತೆ.

ಮೊದಲ ಅರ್ಧದಲ್ಲಿ ಅವರು ತಮ್ಮ ಅಭ್ಯಾಸದಂತೆ ಎತ್ತಿ ಎತ್ತಿ ಒದ್ದರು. ಚೆಂಡು ಅರ್ಧ ದಾರಿಗೇ ಬಿದ್ದು ಕೂರುತ್ತಿತ್ತು. ಅವರು ಮುಂದೆ ಓಡಿಹೋಗಿ ಆಕಾಶ ನೋಡುತ್ತ ನಿಲ್ಲುವರು, ಚೆಂಡು ಹಿಂದೆ ನಮ್ಮವರ ಕಾಲಲ್ಲಿ. ಇಮಾಮ್ ಇಬ್ಬರನ್ನು ಹತ್ತಿರಕ್ಕೆ ಬರಗೊಟ್ಟು ಪಕ್ಕಕ್ಕೆ ಕೊಟ್ಟ, ಪಕ್ಕದವನು ಮುಂದಕ್ಕೆ ಕೊಟ್ಟ, ಯಾವನೋ ಸುಮ್ಮನೆ ಕಾಲು ತಾಗಿಸಿದ, ಒಳಗೆ ಹೋಯಿತು. ಏರಿಯ ಮೇಲೆ ನಾನೊಬ್ಬಳೇ ಕೂಗಿದೆ. ನನ್ನ ಗಂಟಲು ಹಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಎರಡನೆಯ ಅರ್ಧದಲ್ಲಿ ಆ ಕ್ಯಾಪ್ಟನ್‌ಗೆ ಮೇಷ್ಟ್ರು ಹೇಳಿದ್ದು ನೆನಪಿಗೆ ಬಂದಿರಬೇಕು. ತನ್ನವರನ್ನು ಗುಡ್ಡೆ ಹಾಕಿ ಏನೋ ಹೇಳಿದ. ಅವರೂ ನೆಲಕ್ಕೆ ಹಾಕಿ ಆಡತೊಡಗಿದರು. ನಮಗಿಂತ ಚೆನ್ನಾಗಿಯೇ ಆಡಿದರು. ಒಂದು ಹಾಕಿದರು. ನಮ್ಮ ಗೋಲಿ ಆಮೇಲೆ ನಾಲ್ಕು ಹಿಡಿದ, ಕೈಯನ್ನು ಎದೆಗೆ ತಂದುಕೊಂಡು, ನಾನು ಎಳೆ ಹಿಡಿಯುವ ಹಾಗೇ. ಐದನೆಯದು ಅವನ ಬೆರಳ ತುದಿ ಮುಟ್ಟಿ ಹೋಯಿತು. ಒಂದಕ್ಕೆ ಎರಡು. ಸೋತೆವು.

ಇಮಾಮ್ ಎಲ್ಲರ ಮುಂದೆ ಮೇಷ್ಟ್ರಿಗೆ ಅಂದ, ಹೇಳದೆ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ. ಮೇಷ್ಟ್ರು, ಹೇಳದೆ ಗೆದ್ದರೆ ಚೆಂಡು ಗೆದ್ದ ಹಾಗೆ, ನೀವಲ್ಲ ಅಂದರಂತೆ. ದೊಡ್ಡ ಮಾತು. ಆದರೆ ಅವರ ಹೈಸ್ಕೂಲು ಕೆಲಸವನ್ನು ಯಾರೂ ಚೆಂಡಿನ ಮೇಲೆ ಇಟ್ಟಿರಲಿಲ್ಲ. ಗೆಲ್ಲದಿದ್ದರೆ ನನಗೇನಾಗುತ್ತದೆಂದು ಗೊತ್ತಿದ್ದೂ ಹೋಗಿ ಹೇಳಿದರು. ಅವತ್ತು ನನಗೆ ಕೋಪ ಬಂದಿತ್ತು. ಇವತ್ತೂ ಸ್ವಲ್ಪ ಇದೆ. ಅವರು ಮಾಡಿದ್ದು ಸರಿ ಅನ್ನುವುದೂ ಗೊತ್ತಿದೆ. ಎರಡೂ ಒಟ್ಟಿಗೆ ಇರಬಹುದು.

ಸಂಜೆ ಇಮಾಮ್ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ಸಾಹುಕಾರರು ಹೇಳಿಕಳಿಸಿದ್ದಾರೆ, ನಾಳೆಯಿಂದ ಬರುವುದು ಬೇಡವಂತೆ ಅಂದ. ಅವನ ಹಿಂದೆಯೇ ಮೇಷ್ಟ್ರು ಬಂದರು. ಕೈಯಲ್ಲಿ ಕೊಡೆ. ಅದನ್ನು ತಿರುಗಿಸುತ್ತ ನಿಂತರು.

“ನಾನು ಹೋಗಿ ಸಾಹುಕಾರರ ಹತ್ರ ಮಾತಾಡ್ತೀನಿ ಕಣಮ್ಮ.”

“ಬೇಡಿ ಮೇಷ್ಟ್ರೇ. ನೀವು ನನ್ನ ಪರ ಮಾತಾಡಿದ್ರೆ ಊರೋರು ಬೇರೆ ಏನೋ ಮಾತಾಡ್ತಾರೆ.”

ಅವರು ಕೊಡೆಯನ್ನು ಇನ್ನೊಂದು ಸುತ್ತು ತಿರುಗಿಸಿದರು. ಅಭ್ಯಾಸದ ಮೇಲೆ ಬಾಯಿಗೆ ಬಂದದ್ದೇ ಬಂತು. “ನಿನ್ನ ಯಾರು ತಳ್ಳಿದ್ದು?”

“ಇನ್ನೂ ಯಾರೂ ತಳ್ಳಿಲ್ಲ,” ಅಂದೆ. “ಬಾಯಲ್ಲಿ ಹೇಳಿ ಕಳ್ಸಿದಾರೆ, ಅಷ್ಟೇ.”

ಅವರು ನನ್ನ ಮುಖ ನೋಡಿದರು. ನಗಲಿಲ್ಲ. ಹೌದಲ್ಲ ಅಂದರು, ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು. ಎರಡು ವರ್ಷದ ಮೇಲೆ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು, ಅಲ್ಲಿಂದ ಎಲ್ಲೆಲ್ಲಿಗೋ. ಮತ್ತೆ ನಾನು ಅವರನ್ನು ನೋಡಲಿಲ್ಲ. ಅದು ಆಮೇಲಿನ ಮಾತು.

ಮಾರನೆಯ ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು, ಅಮ್ಮನಿಗೆ ರಾಗಿ ಗಂಜಿ ಕಾಯಿಸಿಟ್ಟು, ಶೆಡ್ಡಿಗೆ ಹೋದೆ. ಯಾರೂ ಬಂದಿರಲಿಲ್ಲ. ಒಲೆ ಹಚ್ಚಿದೆ, ನೀರು ತುಂಬಿದೆ, ಗೂಡು ಹಾಕಿದೆ, ನನ್ನ ಜಾಗದಲ್ಲಿ ಕೂತೆ. ಇಮಾಮ್ ಬಂದವನು ಬಾಗಿಲಲ್ಲೇ ನಿಂತುಬಿಟ್ಟ, ಹಣೆಯ ಗಂಟು ಇನ್ನೂ ಇಳಿದಿರಲಿಲ್ಲ. ಹಿಂದೆ ಅಂಗಳದಲ್ಲಿ ಸಾಹುಕಾರರ ಚಪ್ಪಲಿ ಸದ್ದು ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಎಳೆ ಹುಡುಕಿ, ಕೂಡಿಸಿ, ಚಕ್ರಕ್ಕೆ ಸಿಕ್ಕಿಸಿ, ತಿರುಗಿಸಪ್ಪ ಅಂದೆ. ಅವನು ಒಮ್ಮೆ ಹಿಂದೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಬಂದು ಚಕ್ರಕ್ಕೆ ಕೈ ಹಾಕಿದ. ಮೊದಲ ಸುತ್ತಿಗೆ ಅವನ ತೋಳು ಉಬ್ಬಿತು.